ಹೊರುವವರ ಹೆಗಲು

ಜನವರಿ ೧೨

ಮಗಳಿಗೆ,

ನಿನ್ನ ಪತ್ರ ತಲುಪಿತು. ಮೂರು ವರ್ಷದ ಮೇಲೆ ಬಂದ ಪತ್ರ. ಅದರಲ್ಲಿ ಅಮ್ಮ ಹೇಗಿದ್ದೀಯ ಎಂಬ ಮಾತಿಲ್ಲ. ಎರಡು ಇಂಚು ದಪ್ಪದ ಒಣ ಹಲಗೆ ಇದೆಯಾ ಎಂಬ ಮಾತಿದೆ. ಇದೆ. ಶವಪೆಟ್ಟಿಗೆ ಮಾಡುವ ಅಂಗಡಿಯಲ್ಲಿ ಹಲಗೆ ಇಲ್ಲದೆ ಇನ್ನೇನಿರುತ್ತದೆ? ನಾನೂ ಇದ್ದೇನೆ. ನೀನು ಕೇಳದಿದ್ದರೂ ಹೇಳುತ್ತೇನೆ.

ಗಿಟಾರಿನ ಒಡಲಿಗೆ ಎಂದು ಬರೆದಿದ್ದೀಯ. ಕರೆಂಟಿನ ಗಿಟಾರಿಗೆ ಹೊಟ್ಟೆ ಟೊಳ್ಳಾಗಿರುವುದಿಲ್ಲ, ಇಡೀ ಹಲಗೆಯನ್ನೇ ಆಕಾರಕ್ಕೆ ಕತ್ತರಿಸುತ್ತಾರೆ ಎಂಬುದು ನನಗೆ ಈಗ ತಿಳಿಯಿತು. ನೀನು ಕಳಿಸಿದ ಕಾಗದದ ನಕ್ಷೆಯನ್ನು ಬೆಂಚಿನ ಮೇಲೆ ಹರಡಿದ್ದೆ. ಪೆಟ್ಟಿಗೆಗೆ ಮೆರುಗು ಹಚ್ಚುತ್ತಿದ್ದ ಪಾಲಿಶ್ ಮಾವ ಕನ್ನಡಕ ಏರಿಸಿಕೊಂಡು ಬಂದ. "ಅಕ್ಕಾ, ಇದ್ಯಾರಿಗೆ ಪೆಟ್ಟಿಗೆ? ಇಷ್ಟು ಗಿಡ್ಡ, ಸಾಲದ್ದಕ್ಕೆ ಸೊಂಟ ಬೇರೆ!" ಎಂದ. ನಿನ್ನ ತಮ್ಮ ಬಿದ್ದು ಬಿದ್ದು ನಕ್ಕ. ಚಿಕ್ಕಂದಿನಲ್ಲಿ ಪೆಟ್ಟಿಗೆಯ ಮುಚ್ಚಳಗಳನ್ನೆಲ್ಲ ಬಡಿದು ಬಡಿದು ಇಡೀ ಬೀದಿಯಿಂದ 'ಸದ್ದು' ಎಂದು ಹೆಸರು ಪಡೆದವಳು ನೀನು. ಇನ್ನೂ ಮರ ಬಡಿಯುವುದು ಬಿಟ್ಟಿಲ್ಲ ಎಂದಾಯಿತು.

'ಹಗುರವಾಗಿರಲಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ. ಹಗುರದ ಮರ ಹಣ್ಣು ತುಂಬುವ ಡಬ್ಬಕ್ಕೆ. ಈ ಅಂಗಡಿಯಿಂದ ಹೊರಗೆ ಹೋಗುವ ಹಲಗೆಗೆ ತೂಕ ಇರಬೇಕು, ತೂಕವೇ ಅದರ ಮರ್ಯಾದೆ. ಬೀಟೆ ಮರ ಕಳಿಸುತ್ತಿದ್ದೇನೆ. ನಿಮ್ಮಪ್ಪನ ಪೆಟ್ಟಿಗೆಗೆಂದು ತರಿಸಿದ್ದರಲ್ಲಿ ಸೀಳದೆ ಉಳಿದ ದಪ್ಪ ತುಂಡು. ಗಂಟಿಲ್ಲ, ಬಿರುಕಿಲ್ಲ, ಕಪ್ಪು ಗೆರೆಗಳು ಒಂದೇ ಸಮ ಹರಿದಿವೆ. ಆ ಪೆಟ್ಟಿಗೆಯ ಮಾತನ್ನು ಬೀದಿಯವರು ಇವತ್ತಿಗೂ ಆಡುತ್ತಾರೆ. ನೀನು ಅದರ ಬಗ್ಗೆ ಆ ದಿನ ಏನು ಹೇಳಿ ಮನೆ ಬಿಟ್ಟು ಹೋದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಫೋನ್ ಮಾಡಬೇಡ. ಫೋನಿನಲ್ಲಿ ನಮ್ಮಿಬ್ಬರಿಗೂ ಮೂರನೆಯ ಮಾತಿಗೆ ಜಗಳ. ಹಲಗೆ ಮುಟ್ಟಿದ್ದಕ್ಕೆ ಎರಡು ಸಾಲು ಬರೆ.

ನಿನ್ನ ತಾಯಿ


ಫೆಬ್ರವರಿ ೩

ಅಮ್ಮ,

ಹಲಗೆ ಬಂತು. ವಾಪಸ್ ಕಳಿಸುತ್ತಿದ್ದೇನೆ. ಬಹಳ ಭಾರ.

ಒಳ್ಳೆಯ ಮರ ಅಂತ ನನಗೂ ಗೊತ್ತು. ಅಪ್ಪನ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬಳು. ಅದರ ತೂಕ ಎಷ್ಟು ಅಂತ ಬೀದಿಯವರನ್ನು ಕೇಳಬೇಕಾಗಿಲ್ಲ.

ನಾನು ಹಗುರ ಅಂತ ಕೇಳಿದ್ದೆ. ಕೇಳಿದ್ದನ್ನು ಕೇಳಿದ ಹಾಗೆ ಕೊಡುವುದು ಈ ಜನ್ಮದಲ್ಲಿ ನಿನ್ನಿಂದ ಆಗುವುದಿಲ್ಲವಾ? ಹೋಗಲಿ ಬಿಡು. ಇಲ್ಲೇ ಎಲ್ಲಾದರೂ ನೋಡಿಕೊಳ್ಳುತ್ತೇನೆ.

ತಮ್ಮನನ್ನೂ ಪಾಲಿಶ್ ಮಾವನನ್ನೂ ಕೇಳಿದೆ ಅಂತ ಹೇಳು.

ಮಗಳು


ಫೆಬ್ರವರಿ ೧೯

ಮಗಳಿಗೆ,

ಹಲಗೆ ಬಂದು ಬಿತ್ತು. ಎಲ್ಲರೂ ಕೆಲಸದಲ್ಲಿದ್ದ ಹೊತ್ತಿನಲ್ಲೇ ಬರಬೇಕೇ? ಎದುರಿನ ಟೈಲರ್ ಕೂಡ ಕತ್ತರಿ ಕೆಳಗಿಟ್ಟು ನೋಡಿದ. "ನಲವತ್ತು ವರ್ಷದಲ್ಲಿ ನಮ್ಮ ಗಿರಾಕಿ ಒಬ್ಬನೂ ಮಾಲು ವಾಪಸ್ ಕಳಿಸಿರಲಿಲ್ಲ ಅಕ್ಕಾ" ಎಂದು ಪಾಲಿಶ್ ಮಾವ ಹಲ್ಲು ಬಿಟ್ಟ. ಅವನಿಗೆ ಎಲ್ಲದಕ್ಕೂ ನಗು.

ನಿನಗೆ ನಾಲ್ಕು ಮಾತು ಬರೆಯಬೇಕೆಂದೇ ಕೂತಿದ್ದೆ. ಅಷ್ಟರಲ್ಲಿ ಹಲಗೆಗೆ ಸುತ್ತಿದ ಹಗ್ಗದ ಮೇಲೆ ಕಣ್ಣು ಹೋಯಿತು. ಅದು ಈ ಮನೆಯ ಗಂಟಲ್ಲ. ನಡೆಯಲು ಕಲಿಯುವ ಮೊದಲೇ ನಿಮ್ಮಪ್ಪ ನಿಮಗಿಬ್ಬರಿಗೂ ಗಂಟು ಹಾಕುವುದನ್ನು ಕಲಿಸಿದವರು. ಒಂದು ಕಡೆ ಎಳೆದರೆ ಬಿಗಿ, ಇನ್ನೊಂದು ಕಡೆ ಎಳೆದರೆ ಸಡಿಲ. ಇದು ಯಾರೋ ಹೊಸಬರು ಸುತ್ತಿ ಸುತ್ತಿ ಕಟ್ಟಿದ ಗಂಟು. ನಿನ್ನ ಅಕ್ಷರವನ್ನೂ ಮತ್ತೊಮ್ಮೆ ನೋಡಿದೆ. ಸಾಲುಗಳು ಕೆಳಗೆ ಜಾರಿವೆ. ಕಾಗದವನ್ನು ಎಡಗೈಯಲ್ಲಿ ಒತ್ತಿ ಹಿಡಿಯದೆ ಬರೆದ ಹಾಗಿದೆ.

ನಿನ್ನ ಕೈಗೆ ಏನಾಗಿದೆ?

ಕೇಳಿದ್ದಕ್ಕೆ ಉತ್ತರ ಬರೆ. ಹಲಗೆಯ ಮಾತು ಆಮೇಲೆ.

ನಿನ್ನ ತಾಯಿ


ಮಾರ್ಚ್ ೨೨

ಮಗಳಿಗೆ,

ಒಂದು ತಿಂಗಳು ಕಾದೆ. ನೀನು ಬರೆಯಲಿಲ್ಲ. ಆದ್ದರಿಂದ ನಿನ್ನ ತಮ್ಮನನ್ನು ಕಳಿಸಿದೆ. ಹಿಡಿಕೆ, ಕೀಲು ತರಲು ಬಂದಿದ್ದೆ ಎಂದು ಅವನು ನಿನ್ನ ಹತ್ತಿರ ಹೇಳಿದನಂತೆ. ಅದು ಸುಳ್ಳು. ಹಿಡಿಕೆ ಇಲ್ಲಿ ಮೂಟೆ ಮೂಟೆ ಇದೆ.

ನಿನ್ನೆ ಹಿಂತಿರುಗಿದ. ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ, ತುತ್ತು ಎತ್ತಲಿಲ್ಲ. "ಏನೋ?" ಎಂದೆ. "ಏನಿಲ್ಲ, ಚೆನ್ನಾಗಿದ್ದಾಳೆ" ಎಂದ. ಚೆನ್ನಾಗಿರುವವರನ್ನು ನೋಡಿ ಬಂದವರ ಮುಖ ಹಾಗಿರುತ್ತದೆಯೇ? ಗದರಿದ ಮೇಲೆ ಒಂದೊಂದೇ ಹೇಳಿದ. ಆ ಸೆಕೆಯಲ್ಲೂ ನೀನು ಕತ್ತಿಗೆ ಬಟ್ಟೆ ಸುತ್ತಿಕೊಂಡಿದ್ದೆಯಂತೆ. ಎಡಹೆಗಲು ಕೆಳಗೆ ಇಳಿದಿದೆಯಂತೆ. ಮೇಲಿನ ಕಪಾಟಿನಿಂದ ಲೋಟ ತೆಗೆಯಲು ಸ್ಟೂಲ್ ಹತ್ತಿದೆಯಂತೆ. ಗಿಟಾರು ಗೋಡೆಯಲ್ಲಿ ನೇತಾಡುತ್ತಿದೆ, ತಂತಿಗಳ ಮೇಲೆ ಧೂಳು ಎಂದ.

ಅವನು ಹೇಳಿ ಮುಗಿಸುವ ಮೊದಲೇ ನಾನು ಎದ್ದು ಅಂಗಡಿಯ ಕಡೆಗೆ ಹೋದೆ. ಯಾಕೆಂದು ನಿನಗೆ ಮಾತ್ರ ಬರೆಯುತ್ತೇನೆ. ಇಷ್ಟು ವರ್ಷ ಈ ಕೆಲಸ ಮಾಡಿ ನನ್ನ ಕಣ್ಣು ಕೆಟ್ಟುಹೋಗಿದೆ. ಯಾರಾದರೂ ಕಾಯಿಲೆ ಎಂದು ಕೇಳಿದರೆ ಸಾಕು, ಬೇಡವೆಂದರೂ ಮನಸ್ಸು ಉದ್ದ ಅಗಲ ಹಾಕುತ್ತದೆ. ನಿನ್ನ ವಿಷಯದಲ್ಲಿ ಅದು ಟೇಪು ಎತ್ತಿಕೊಳ್ಳುವ ಮೊದಲೇ ನಾನು ಎದ್ದುಬಿಟ್ಟೆ. ಬೀಟೆ ಹಲಗೆಯನ್ನು ತೆಗೆದು ಹಿಂದಿನ ಗೋಡೆಗೆ ಒರಗಿಸಿ, ಮುಖ ಅತ್ತ ಮಾಡಿಟ್ಟೆ.

ಏನಾಗಿದೆ, ಡಾಕ್ಟರು ಏನೆಂದಿದ್ದಾರೆ, ಮುಂದೇನು, ಎಲ್ಲವನ್ನೂ ಬರೆ. ಸಿಹಿ ಸವರಿ ಬರೆಯಬೇಡ. ನಾನು ಯಾವ ವ್ಯಾಪಾರದಲ್ಲಿದ್ದೇನೆ ಎಂಬುದು ನಿನಗೆ ಗೊತ್ತಿದೆ.

ಅಮ್ಮ


ಏಪ್ರಿಲ್ ೨

ಅಮ್ಮ,

ತಮ್ಮನಿಗೆ ಬೇಹುಗಾರಿಕೆ ಬರುವುದಿಲ್ಲ. ಬಂದ ಕೂಡಲೇ ಕೀಲಿನ ರೇಟು ಕೇಳದೆ "ಅಕ್ಕಾ, ಸಣ್ಣ ಆಗಿದ್ದೀಯ" ಅಂದ. ಅವನನ್ನು ಇನ್ನು ಬೈಯಬೇಡ.

ಕತ್ತಿನಲ್ಲಿ ಗಡ್ಡೆ ಇತ್ತು. ಹೋದ ವರ್ಷ ತೆಗೆದರು. ಒಳ್ಳೆಯ ಗಡ್ಡೆ ಅಲ್ಲ ಅಂದರು. ಅದಕ್ಕೆ ಕೊಡುವ ಔಷಧಿ ಎಲ್ಲ ಆಯಿತು, ಉದುರಿದ ಕೂದಲು ಮತ್ತೆ ಬರುತ್ತಿದೆ. ತೆಗೆಯುವಾಗ ಎಡಹೆಗಲಿಗೆ ಹೋಗುವ ನರವನ್ನು ಉಳಿಸಿಕೊಳ್ಳಲು ಆಗಲಿಲ್ಲವಂತೆ. ಬೆರಳು ಸರಿಯಾಗಿವೆ, ಹೆಗಲು ಮಾತ್ರ ನಿಲ್ಲುವುದಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ. ಅದು ತಿರುಗಿ ಬಂದಿದೆಯಾ ಇಲ್ಲವಾ ಅಂತ ಆಗ ಹೇಳುತ್ತಾರೆ. ಇಷ್ಟೇ. ಸಿಹಿ ಇಲ್ಲ.

ಗಿಟಾರಿನ ಪಟ್ಟಿ ಬೀಳುವುದು ಎಡಹೆಗಲ ಮೇಲೆ. ಬಲಕ್ಕೆ ಹಾಕಿ ನೋಡಿದೆ, ಜಾರುತ್ತದೆ, ಕತ್ತು ಎಳೆಯುತ್ತದೆ. ನನ್ನ ಹಳೆಯದು ಕಲ್ಲಿನಂತಿದೆ, ಒಂದು ಹಾಡು ಮುಗಿಯುವಷ್ಟರಲ್ಲಿ ಹೆಗಲು ಕುಸಿಯುತ್ತದೆ. ಮಕ್ಕಳಿಗೆ ಪಾಠ ಕೂತು ಹೇಳಿಕೊಡಬಹುದು. ಹೋಟೆಲಿನ ಸಂಜೆಯ ಬ್ಯಾಂಡಿನಲ್ಲಿ ನಿಲ್ಲಲೇಬೇಕು. ನನ್ನ ಜಾಗವನ್ನು ಆಗಸ್ಟಿನವರೆಗೆ ಇಟ್ಟಿದ್ದಾರೆ. ಅದೊಂದು ಹೋದರೆ ಆಸ್ಪತ್ರೆ ಬಿಟ್ಟು ನನಗೆ ಬೇರೆ ಜಾಗವೇ ಉಳಿಯುವುದಿಲ್ಲ.

ಅಂಗಡಿಯಲ್ಲಿ ಹಗುರದ ಗಿಟಾರು ಸಿಗುತ್ತದೆ. ಆದರೂ ನಿನ್ನನ್ನು ಕೇಳಿದೆ. ಬದುಕಿರುವಾಗಲೇ ನಮ್ಮ ಅಂಗಡಿಯಿಂದ ನನಗೊಂದು ಮರ ಬೇಕು ಅನ್ನಿಸಿತು. ಅದು ಬಿಟ್ಟು, ನನಗೂ ನೀನು ಬೀಟೆ ಹಾಕಿಸಿಬಿಡುತ್ತೀಯ ಅಂತ ಭಯ! ನಗು ಅಮ್ಮ, ತಮಾಷೆ.

ಅಪ್ಪ ಏನು ಮಾಡುತ್ತಿದ್ದರು ನೆನಪಿದೆಯಾ? ಯಾರಾದರೂ ಪೆಟ್ಟಿಗೆ ಕೇಳಲು ಬಂದರೆ ಮೊದಲು ಬೀದಿಗೆ ಹೋಗಿ ಜೊತೆಗೆ ಯಾರು ಬಂದಿದ್ದಾರೆ ಅಂತ ನೋಡುತ್ತಿದ್ದರು. ಮುದುಕರಾ, ಹುಡುಗರಾ, ಎಷ್ಟು ಜನ. "ಮರ ಒಳಗೆ ಮಲಗಿದವನಿಗಲ್ಲ, ಹೊರುವವರಿಗೆ. ಮೊದಲು ಹೆಗಲು ನೋಡು, ಆಮೇಲೆ ಮರ ನೋಡು" ಅನ್ನುತ್ತಿದ್ದರು. ನಾನು ಆ ದಿನ ಹೇಳಿದ್ದು ಅದನ್ನೇ.

ಮಗಳು


ಏಪ್ರಿಲ್ ೨೮

ಮಗಳಿಗೆ,

ಇಂಥ ತಮಾಷೆಯನ್ನು ಇನ್ನೊಮ್ಮೆ ಬರೆದರೆ ಅಲ್ಲಿಗೇ ಬಂದು ಕಪಾಳಕ್ಕೆ ಕೊಡುತ್ತೇನೆ.

ಈಗ ಕೆಲಸದ ಮಾತು. ನೀನು ಕಳಿಸಿದ ನಕ್ಷೆಯ ಅಳತೆಗೆ ಐದಾರು ಜಾತಿಯ ಮರ ಕತ್ತರಿಸಿ ತೂಗಿಸಿದೆ. ಬೂರುಗ ಎಲ್ಲಕ್ಕಿಂತ ಹಗುರ, ಆದರೆ ತಿರುಪು ಹಾಕಿ ಎಳೆದರೆ ಬಾಳೆದಿಂಡಿನಿಂದ ಬಂದ ಹಾಗೆ ಬಂತು. ಅಷ್ಟು ತಂತಿಗಳು ಒಟ್ಟಿಗೆ ಎಳೆಯುವಾಗ ಅದು ತಡೆಯುವುದಿಲ್ಲ. ಮಾವಿಗೆ ಹುಳು ಬಿದ್ದಿತ್ತು. ಹಲಸು ನನ್ನ ಮನಸ್ಸಿಗೆ ಬಂತು, ನಿನ್ನ ಹೆಗಲಿಗೆ ಬರುವುದಿಲ್ಲ. ಬೇವು ಒಣಗುತ್ತಾ ಬಿಲ್ಲಿನಂತೆ ಬಾಗಿದೆ.

ತೂಕದ ಕಲ್ಲನ್ನು ನಂಬಿ ಆಗುವುದಿಲ್ಲ ಎಂದು ಒಂದೊಂದು ತುಂಡಿಗೂ ಪಟ್ಟಿ ಕಟ್ಟಿ ನನ್ನ ಎಡಹೆಗಲಿಗೆ ಹಾಕಿಕೊಂಡು ನಿಂತೆ. ಬಾಗಿಲು ತೆರೆದಾಗಿನಿಂದ ಊಟದ ಹೊತ್ತಿನವರೆಗೆ. ತೀರಿಕೊಂಡ ತನ್ನ ಹೆಂಡತಿಯ ಅಪ್ಪನಿಗೆ ಪೆಟ್ಟಿಗೆ ಕೇಳಲು ಬಂದ ಒಬ್ಬ ಗೃಹಸ್ಥ ಅಳು ನಿಲ್ಲಿಸಿ ನನ್ನನ್ನೇ ನೋಡಿದ. "ಏನಮ್ಮಾ ಇದು?" ಎಂದ. "ಕೆಲಸ" ಎಂದೆ. ಪಾಲಿಶ್ ಮಾವ ಸುಮ್ಮನಿರುತ್ತಾನೆಯೇ? "ಅಕ್ಕ ಈ ವಯಸ್ಸಲ್ಲಿ ಬ್ಯಾಂಡಿಗೆ ಸೇರ್ತಾರಂತೆ ಸ್ವಾಮಿ" ಎಂದ. ಸತ್ತ ಮನೆಯವನು ನಕ್ಕುಬಿಟ್ಟ ಪಾಪ. ಸಂಜೆ ನನಗೆ ಜಡೆ ಹಾಕಿಕೊಳ್ಳಲು ಎಡಗೈ ಎತ್ತಲಾಗಲಿಲ್ಲ. ಗಟ್ಟಿಮುಟ್ಟಾದ ಹೆಗಲಿಗೇ ಹೀಗೆ. ನಿನ್ನ ಹೆಗಲಿನ ಗತಿ ಏನೆಂಬುದು ಆಗ ತಿಳಿಯಿತು.

ನಿನ್ನ ತಮ್ಮ ಎಲ್ಲೋ ಓದಿಕೊಂಡು ಬಂದು, ಕರೆಂಟಿನ ಗಿಟಾರಿನ ದನಿ ತಂತಿಯಿಂದ, ಅಯಸ್ಕಾಂತದಿಂದ ಬರುತ್ತದೆ, ಮರದ ಪಾಲು ಕಡಿಮೆ ಎನ್ನುತ್ತಾನೆ. "ಹಾಗಾದರೆ ಮರ ಏನು ಮಾಡುತ್ತೋ?" ಎಂದೆ. "ಹಿಡ್ಕೊಂಡಿರುತ್ತೆ ಅಷ್ಟೇ" ಎಂದ. ಅಷ್ಟೇ ಎಂದನಲ್ಲ, ಅದು ಸಣ್ಣ ಕೆಲಸವೇ?

ಸರಿಯಾದ ಮರ ಶಿವನೆ. ಕೆನೆಯ ಬಣ್ಣ, ಹಗುರ, ತಿರುಪನ್ನು ಕಚ್ಚಿ ಹಿಡಿಯುತ್ತದೆ, ಒಣಗಿದ ಮೇಲೆ ಹಟ ಮಾಡುವುದಿಲ್ಲ. ಆದರೆ ಮರದ ಮಂಡಿಯಲ್ಲಿ ಸಿಗುವುದೆಲ್ಲ ಹಸಿ. ಒಣಗಲು ಒಂದು ವರ್ಷ ಬೇಕು, ನಿನಗೆ ಅಷ್ಟು ಸಮಯವಿಲ್ಲ. ಚೆನ್ನಾಗಿ ಒಣಗಿದ್ದು ನಮ್ಮ ಅಟ್ಟದ ಮೇಲಿದೆ. ಅದನ್ನು ಇಳಿಸುತ್ತೇನೆ.

ಅಮ್ಮ


ಮೇ ೬

ಅಮ್ಮ,

ಬೇಡ.

ಅಟ್ಟದ ಮೇಲಿರುವ ಶಿವನೆ ಯಾರದು ಅಂತ ನನಗೆ ಗೊತ್ತಿಲ್ಲವಾ? ನಿನಗೆ ಅರವತ್ತಾದಾಗ ನಿನ್ನ ಪೆಟ್ಟಿಗೆಯ ಹಲಗೆಯನ್ನು ನೀನೇ ಆರಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಅಟ್ಟಕ್ಕೆ ಏರಿಸಿದೆ. ಏಣಿ ಹಿಡಿದವಳು ನಾನು. ನಮ್ಮ ಮನೆಯಲ್ಲಿ ಎಲ್ಲರೂ ಮಾಡುವ ಹಾಗೆ. ಅಪ್ಪನೂ ಮಾಡಿದ್ದರು. ಅವರು ಆರಿಸಿಟ್ಟಿದ್ದ ಶಿವನೆಯನ್ನು ಬಿಟ್ಟು, ಮಾಲೀಕನನ್ನು ಅಗ್ಗದ ಮರದಲ್ಲಿ ಕಳಿಸಿದರು ಅಂತ ಜನ ಆಡಿಕೊಳ್ಳಬಾರದು ಅಂತ ನೀನು ಬೀಟೆ ತರಿಸಿದೆ. ಆರು ಜನ ಹೊತ್ತರೂ ದಾರಿಯಲ್ಲಿ ಎರಡು ಸಲ ಕೆಳಗಿಡಬೇಕಾಯಿತು. ಅಪ್ಪನ ಹಲಗೆಯನ್ನು ನೀನು ಆಮೇಲೆ ಮಾರಿಬಿಟ್ಟೆ ಅಂತ ತಮ್ಮ ಹೇಳಿದ.

ಈಗ ನಿನ್ನದನ್ನು ನನಗೆ ಕೊಟ್ಟು, ನೀನು ಯಾವುದರಲ್ಲಿ ಹೋಗುತ್ತೀಯ? ಆ ಮರವನ್ನು ಎದೆಗೆ ಒತ್ತಿಕೊಂಡು ನಾನು ಹೇಗೆ ನುಡಿಸಲಿ? ಬ್ಯಾಂಡು ಹೋದರೆ ಹೋಗಲಿ. ಬೇಡ.

ಮಗಳು


ಮೇ ೨೩

ಮಗಳೇ,

ಇದು ನನ್ನ ಹಲಗೆ ಅಲ್ಲ. ನಿಮ್ಮಪ್ಪನದು.

ಮಾರಿದೆ ಎಂದು ಎಲ್ಲರಿಗೂ ಹೇಳಿದ್ದೆ. ಮಾರಿರಲಿಲ್ಲ. ನನ್ನದರ ಕೆಳಗೆ, ನಡುವೆ ಪಟ್ಟಿ ಕೊಟ್ಟು ಗಾಳಿಯಾಡುವ ಹಾಗೆ ಇಟ್ಟಿದ್ದೆ. ಯಾಕೆ ಇಟ್ಟೆ ಎಂದು ಕೇಳಬೇಡ. ಮರ ಕೆಡಬಾರದು, ಅದಕ್ಕೆ ಇಟ್ಟೆ.

ಪೆಟ್ಟಿಗೆಯ ಹಲಗೆ ಒಂದಿಂಚಿನ ಮೇಲಿರುವುದಿಲ್ಲ. ಎರಡನ್ನು ಒಂದರ ಮೇಲೊಂದು ಅಂಟಿಸಿ, ಇದ್ದ ಕ್ಲಾಂಪುಗಳನ್ನೆಲ್ಲ ಬಿಗಿದು, ಎರಡು ದಿನ ಯಾರೂ ಮುಟ್ಟದಂತೆ ನಾನೇ ಕಾವಲು ಕೂತೆ. ಎಳೆಗಳು ಎರಡರಲ್ಲೂ ಒಂದೇ ದಿಕ್ಕಿಗೆ ಇವೆ. ಹೊರಗಿನಿಂದ ನೋಡಿದರೆ ಬೆಸುಗೆ ಕಾಣುವುದಿಲ್ಲ. ಅಂಚನ್ನು ಪಾಲಿಶ್ ಮಾವ ಕೀಸಿದ. ಕೀಸುವಾಗ ಅವನು ನಗಲಿಲ್ಲ. ಮುಗಿಸಿ, ಹೊಟ್ಟು ಊದಿ, "ಯಜಮಾನರ ಕೈ ಅಕ್ಕಾ, ಎಂಥಾ ಹಲಗೆ ಆರಿಸಿದ್ದರು" ಎಂದು ಹಿತ್ತಲಿಗೆ ಹೋದ.

ಬಂದ ಕೂಡಲೇ ಕತ್ತರಿಸಬೇಡ. ನಿನ್ನ ಕೋಣೆಯ ಗಾಳಿಗೆ ಅದು ಒಗ್ಗಲಿ. ಕತ್ತರಿಸುವ ಕೆಲಸ ನಿನ್ನ ಹೆಗಲಿಂದ ಆಗುವುದಿಲ್ಲ, ಯಾರಾದರೂ ಬಲ್ಲವರ ಕೈಯಲ್ಲಿ ಮಾಡಿಸು. ತಿರುಪಿಗೆ ಮೊದಲು ಸಣ್ಣ ತೂತು ಕೊರೆಸಿ ಸೋಪು ಹಚ್ಚು, ಇಲ್ಲದಿದ್ದರೆ ಸೀಳುತ್ತದೆ. ಒಂದು ಮುಖದ ಮೂಲೆಯಲ್ಲಿ ನಿಮ್ಮಪ್ಪನ ಪೆನ್ಸಿಲ್ ಗುರುತಿದೆ. ಉಜ್ಜಿ ತೆಗೆಯುವುದು, ಬಿಡುವುದು ನಿನಗೆ ಸೇರಿದ್ದು.

ಇದನ್ನೂ ವಾಪಸ್ ಕಳಿಸಿದರೆ ನಾನು ತೆಗೆದುಕೊಳ್ಳುವುದಿಲ್ಲ.

ಅಮ್ಮ


ಆಗಸ್ಟ್ ೧೬

ಅಮ್ಮ,

ಬಹಳ ದಿನ ಬರೆಯಲಿಲ್ಲ. ಹಲಗೆ ಬಂದ ದಿನ ಅದನ್ನು ಮಂಚದ ಮೇಲೆ ಇಟ್ಟು, ನಾನು ನೆಲದ ಮೇಲೆ ಕೂತಿದ್ದೆ. ಅಪ್ಪನ ಗುರುತು ನೋಡಿದೆ. ಗೆರೆ ಎಳೆದು ಪಕ್ಕಕ್ಕೆ ಸಣ್ಣ ಬಾಲ ಬಿಡುತ್ತಿದ್ದರಲ್ಲ, ಅದೇ.

ಆಮೇಲೆ ಕೆಲಸ ನಿಧಾನವಾಗಿ ನಡೆಯಿತು. ಕೆಳಗಿನ ಮಹಡಿಯಲ್ಲಿ ಸ್ಪೀಕರ್ ರಿಪೇರಿ ಮಾಡುವವನೊಬ್ಬ ಇದ್ದಾನೆ, ಅವನು ಕತ್ತರಿಸಿದ. ಗರಗಸ ಹಾಕಿದ ಕೂಡಲೇ ನಮ್ಮ ಅಂಗಡಿಯ ವಾಸನೆ ಬಂತು. ಒರಗಿಸಿಕೊಳ್ಳುವ ಅಂಚುಗಳನ್ನು ನಾನೇ ಕಾಗದದಲ್ಲಿ ಉಜ್ಜಿದೆ, ಬಲಗೈಯಲ್ಲಿ. ಹಳೆಯ ಗಿಟಾರಿನ ಕತ್ತು, ತಂತಿ, ದನಿ ಹಿಡಿಯುವ ಪಿಕಪ್ಪು ಬಿಚ್ಚಿ ಇದಕ್ಕೆ ಹಾಕಿಸಿದೆ. ಸೋಪು ಹಚ್ಚಿದೆ. ಸೀಳಲಿಲ್ಲ. ಗುರುತಿರುವ ಮುಖವನ್ನು ಹಿಂದಕ್ಕೆ ಇಟ್ಟಿದ್ದೇನೆ. ಹಾಕಿಕೊಂಡರೆ ಅದು ಸರಿಯಾಗಿ ಪಕ್ಕೆಗೆ ತಾಗುತ್ತದೆ, ಯಾರಿಗೂ ಕಾಣುವುದಿಲ್ಲ.

ಮೊನ್ನೆ ಬ್ಯಾಂಡಿನಲ್ಲಿ ನಿಂತೆ. ಮೊದಲ ಕೆಲವು ಹಾಡು ಹೆಗಲಿನ ನೆನಪೇ ಬರಲಿಲ್ಲ ಅಮ್ಮ. ಆಮೇಲೆ ಬಂತು. ಮ್ಯಾನೇಜರ್ ಎತ್ತರದ ಸ್ಟೂಲ್ ತರಿಸಿ, "ಕೂತೇ ನುಡಿಸಿ, ಸ್ಟೈಲಾಗೇ ಕಾಣುತ್ತೆ" ಅಂದರು. ಜಾಗ ಸದ್ಯಕ್ಕೆ ಉಳಿದಿದೆ.

ಬೆಳಿಗ್ಗೆ ಏಳುವಾಗ ಮೊದಲು ಕತ್ತು ಮುಟ್ಟಿ ನೋಡಿಕೊಳ್ಳುತ್ತೇನೆ. ಒಂದೊಂದು ದಿನ ಏನೋ ಸಿಕ್ಕ ಹಾಗಾಗುತ್ತದೆ, ಒಂದೊಂದು ದಿನ ಇಲ್ಲ. ಸೆಪ್ಟೆಂಬರ್ ಹತ್ತಿರ ಬರುತ್ತಿದೆ. ಹೆದರಿಕೆ ಆಗುತ್ತದೆ. ಇಲ್ಲಿ ಯಾರ ಹತ್ತಿರವೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ನಿನ್ನ ಮಗಳು


ಆಗಸ್ಟ್ ೩೦

ಸದ್ದು,

ನಿನ್ನ ಪತ್ರವನ್ನು ನಿನ್ನ ತಮ್ಮನ ಕೈಯಲ್ಲಿ ಎರಡು ಸಲ ಓದಿಸಿದೆ. ನನ್ನ ಕಣ್ಣು ಚೆನ್ನಾಗಿಯೇ ಇದೆ. ಓದಿಸಬೇಕೆನಿಸಿತು.

ಪರೀಕ್ಷೆಗೆ ನಾನು ಬರುತ್ತೇನೆ. ಬೇಡ ಎಂದು ಬರೆಯಬೇಡ, ಆ ಪತ್ರ ಇಲ್ಲಿಗೆ ಮುಟ್ಟುವಷ್ಟರಲ್ಲಿ ನಾನು ಅಲ್ಲಿರುತ್ತೇನೆ. ಡಾಕ್ಟರ ಮುಂದೆ ನಾನು ಜಗಳವಾಡುವುದಿಲ್ಲ. ಕೇಳಬೇಕಾದದ್ದನ್ನು ಮಾತ್ರ ಕೇಳುತ್ತೇನೆ. ಹೆದರಿಕೆ ಎಂದು ಬರೆದಿದ್ದೀಯ. ಇರಲಿ. ಇಬ್ಬರಿಗೂ ಇದೆ. ಒಂದು ಮನೆಯಲ್ಲಿ ಎರಡು ಹೆದರಿಕೆ ಬೇರೆ ಬೇರೆ ಕೂತುಕೊಳ್ಳುವುದು ಯಾಕೆ?

ನಿನ್ನೆ ನಾನು ಅಟ್ಟ ಹತ್ತಿದೆ. "ಅಮ್ಮಾ, ಬಿದ್ದರೆ ಸೊಂಟ ಮುರಿಯುತ್ತೆ" ಎಂದು ನಿನ್ನ ತಮ್ಮ ಕೆಳಗೆ ಕೂಗಾಡಿದ. ನನ್ನ ಶಿವನೆ ಹಲಗೆಗಳನ್ನು ಒಂದೊಂದಾಗಿ ಬಡಿದು ನೋಡಿದೆ. ಚೆನ್ನಾಗಿ ಒಣಗಿವೆ, ದನಿ ಗಂಟೆಯ ಹಾಗಿದೆ. ಅದೇ ನನಗೆ ಸಾಕು. ಬೀಟೆ ಗೀಟೆ ಎಂದು ಯಾರೂ ಹೊಸದನ್ನು ತರಿಸಕೂಡದು ಎಂದು ನಿನ್ನ ತಮ್ಮನಿಗೆ ಹೇಳಿದ್ದೇನೆ. ಬೀದಿಯವರು ಏನು ಬೇಕಾದರೂ ಆಡಿಕೊಳ್ಳಲಿ. ನಾಲ್ಕು ಜನ ಸಾಕಾಗುತ್ತದೆ.

ಆ ನಾಲ್ವರು ಯಾರೆಂದು ಹಲಗೆಯ ಮೇಲೇ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಹಿಂದೆ ಟೈಲರ್ ಮತ್ತು ಅವನ ಮಗ. ಪಾಲಿಶ್ ಮಾವ "ನನಗೂ ಒಂದು ಮೂಲೆ ಕೊಡಿ ಅಕ್ಕಾ" ಎಂದ. "ನೀನು ನನಗಿಂತ ಮುಂಚೆ ಹೊರಡೋನು, ಸುಮ್ಮನೆ ಪಾಲಿಶ್ ಹಾಕು" ಎಂದೆ. ಮುಂದೆ ಬಲಗಡೆ ನಿನ್ನ ತಮ್ಮ. ಎಡಗಡೆ ನೀನು. ಎಡಗಡೆ ನಿಂತವರಿಗೆ ಪೆಟ್ಟಿಗೆ ಬೀಳುವುದು ಬಲಹೆಗಲ ಮೇಲೆ. ನಿನ್ನ ಹೆಗಲು ನೋಡಿಯೇ ಬರೆದಿದ್ದೇನೆ.

ಆ ಮೂಲೆಯನ್ನು ನಾನು ಬೇರೆ ಯಾರಿಗೂ ಕೊಡುವುದಿಲ್ಲ. ನನಗೂ ಹೊರಡುವ ಅವಸರವಿಲ್ಲ, ಅಂಗಡಿಯಲ್ಲಿ ಕೆಲಸ ಬಿದ್ದಿದೆ. ಆದ್ದರಿಂದ ನೀನು ಬಹಳ ವರ್ಷ ಕಾಯಬೇಕಾಗುತ್ತದೆ. ಸೆಪ್ಟೆಂಬರಿನಲ್ಲಿ ಆ ಡಾಕ್ಟರು ಏನೇ ಹೇಳಲಿ, ಇದನ್ನು ಅವರಿಗೆ ಮೊದಲು ಹೇಳಿಬಿಡು.

ನಿನ್ನ ಅಮ್ಮ